ಕಂಬ ನೆಟ್ಟ ಮೇಲೆ ಏನು? ಹಳ್ಳಿಗೆ ಕರೆಂಟ್ ತರುವ ಕೆಲಸ ಮತ್ತು ಅದರ ನಿರ್ವಹಣೆ

(ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಹೊಸದಾಗಿ ಕೆಲಸಕ್ಕೆ ಸೇರಿದವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಎರಡು ದಿನಾಂಕಗಳಿಂದ ಶುರು ಮಾಡುತ್ತೇನೆ. 2018ರ ಏಪ್ರಿಲ್ 28ರಂದು ಮಣಿಪುರದ ಸೇನಾಪತಿ ಜಿಲ್ಲೆಯ ಲೈಸಾಂಗ್ ಎಂಬ ಸಣ್ಣ ಊರಿಗೆ ಗ್ರಿಡ್‌ನ ಕರೆಂಟ್ ಬಂತು. ಅಲ್ಲಿಗೆ ದೇಶದ 5,97,464 ಹಳ್ಳಿಗಳಿಗೂ ವಿದ್ಯುತ್ ತಲುಪಿತು ಎಂದು ಕೇಂದ್ರ ಸರ್ಕಾರ ಘೋಷಿಸಿತು. ಅದಕ್ಕೂ ಏಳು ತಿಂಗಳು ಮೊದಲು, 2017ರ ಸೆಪ್ಟೆಂಬರ್ 25ರಂದು, ಅದೇ ಸರ್ಕಾರ 16,320 ಕೋಟಿ ರೂಪಾಯಿಯ ಸೌಭಾಗ್ಯ ಯೋಜನೆ ಶುರು ಮಾಡಿತ್ತು. ಕರೆಂಟ್ ಇಲ್ಲದ ಮನೆಗಳಿಗೆ ಸಂಪರ್ಕ ಕೊಡುವುದು ಅದರ ಕೆಲಸ. 2019ರ ಮಾರ್ಚ್ ಮುಗಿಯುವ ಹೊತ್ತಿಗೆ ಅದರಲ್ಲಿ ಸುಮಾರು 2.6 ಕೋಟಿ ಮನೆಗಳಿಗೆ ಸಂಪರ್ಕ ಸಿಕ್ಕಿತು.

ಈಗ ಎರಡನ್ನೂ ಜೋಡಿಸಿ ನೋಡಿ. ಕೊನೆಯ ಹಳ್ಳಿಗೂ ಕರೆಂಟ್ ಬಂತು ಎಂದು ಘೋಷಣೆಯಾದ ದಿನ ದೇಶದಲ್ಲಿ ಕೋಟಿಗಟ್ಟಲೆ ಮನೆಗಳಲ್ಲಿ ಸೀಮೆಎಣ್ಣೆ ಬುಡ್ಡಿಯೇ ಉರಿಯುತ್ತಿತ್ತು. ಘೋಷಣೆಯಲ್ಲಿ ಸುಳ್ಳಿರಲಿಲ್ಲ. ಲೆಕ್ಕ ಹಳ್ಳಿಯದಾಗಿತ್ತು, ಕತ್ತಲೆ ಮನೆಯದಾಗಿತ್ತು. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇದನ್ನೇ. ಹಳ್ಳಿ ವಿದ್ಯುದೀಕರಣದಲ್ಲಿ ತಾಂತ್ರಿಕ ತೊಡಕುಗಳು ಕಡಿಮೆ. ಹನ್ನೊಂದು ಕೆ.ವಿ., ಅಂದರೆ 11,000 ವೋಲ್ಟ್‌ನ, ಲೈನ್ ಎಳೆಯುವುದು ನಮಗೆ ಚೆನ್ನಾಗಿ ಗೊತ್ತಿರುವ ವಿದ್ಯೆ. ಕೆಲಸ ಗೆಲ್ಲುವುದೋ ಸೋಲುವುದೋ ಅನ್ನುವುದು ಮೂರು ಪ್ರಶ್ನೆಗಳ ಮೇಲೆ ನಿಂತಿದೆ. ಕೆಲಸ ಮುಗಿಯಿತು ಅನ್ನುವುದು ಯಾವಾಗ? ಶುರುವಾಗುವ ಮೊದಲು ಊರನ್ನು ಯಾರು ನೋಡಿದರು? ಮುಗಿದ ಮೇಲೆ ಅದನ್ನು ಯಾರ ಕೈಗೆ ಕೊಟ್ಟರು? ಪ್ರಾಜೆಕ್ಟ್ ನಿರ್ವಹಣೆ ಅಂದರೆ ಚಾರ್ಟು, ಸಾಫ್ಟ್‌ವೇರು, ತಿಂಗಳ ಸಭೆ ಅಂದುಕೊಂಡವರು ಈ ಮೂರನ್ನು ಬಿಟ್ಟುಬಿಡುತ್ತಾರೆ.

ಮೊದಲನೆಯದನ್ನು ನೋಡೋಣ. 1997ಕ್ಕಿಂತ ಮೊದಲು ಒಂದು ಹಳ್ಳಿಯ ಕಂದಾಯ ಗಡಿಯೊಳಗೆ ಯಾವುದೇ ಕೆಲಸಕ್ಕೆ ಕರೆಂಟ್ ಬಳಸಿದರೂ ಸಾಕಿತ್ತು, ಆ ಹಳ್ಳಿ ವಿದ್ಯುದೀಕರಣವಾದ ಲೆಕ್ಕ. ಊರಿನಿಂದ ದೂರದ ಹೊಲದಲ್ಲಿ ಒಂದು ಪಂಪ್‌ಸೆಟ್ ಓಡಿದರೂ ಆಯಿತು, ಒಂದು ಮನೆಗೂ ದೀಪ ಬೇಕಿರಲಿಲ್ಲ. 2004ರಲ್ಲಿ ಬಂದ ವ್ಯಾಖ್ಯೆ ಇದಕ್ಕಿಂತ ಬಿಗಿಯಾಗಿತ್ತು. ಜನ ವಾಸಿಸುವ ಜಾಗಕ್ಕೆ ಮತ್ತು ದಲಿತ ಕೇರಿಗೆ ಟ್ರಾನ್ಸ್‌ಫಾರ್ಮರ್, ಲೈನ್ ಹೋಗಿರಬೇಕು. ಶಾಲೆ, ಪಂಚಾಯಿತಿ ಕಚೇರಿ, ಆಸ್ಪತ್ರೆಯಂಥ ಕಡೆ ವಿದ್ಯುತ್ ಇರಬೇಕು. ಒಟ್ಟು ಮನೆಗಳಲ್ಲಿ ಕನಿಷ್ಠ ಶೇ 10ಕ್ಕೆ ಸಂಪರ್ಕ ಇರಬೇಕು. ದೊಡ್ಡ ಹೆಜ್ಜೆ, ಒಪ್ಪುತ್ತೇನೆ. ಆದರೂ ನೂರು ಮನೆಯ ಊರಲ್ಲಿ ಹತ್ತು ಮನೆಗೆ ಬಲ್ಬ್ ಉರಿದರೆ ಲೆಕ್ಕ ಮುಗಿಯುತ್ತಿತ್ತು.

ನೀವೇ ಸೈಟ್ ಎಂಜಿನಿಯರ್ ಅಂದುಕೊಳ್ಳಿ. ಈ ವರ್ಷ ಐವತ್ತು ಹಳ್ಳಿ ಮುಗಿಸಬೇಕು, ಕೈಯಲ್ಲಿ ಇಷ್ಟೇ ಕಂಬ, ಇಷ್ಟೇ ತಂತಿ. ಏನು ಮಾಡುತ್ತೀರಿ? ರಸ್ತೆ ಬದಿಯ ಊರೊಳಗೆ ಲೈನ್ ಎಳೆದು, ಹತ್ತಿರದ ಮನೆಗಳಿಗೆ ಕೊಟ್ಟು ಮುಂದಿನ ಹಳ್ಳಿಗೆ ಹೋಗುತ್ತೀರಿ. ಒಂದೂವರೆ ಕಿಲೋಮೀಟರ್ ಆಚೆಯ ತಾಂಡಾ, ಹಟ್ಟಿ, ಕಾಡಂಚಿನ ಹಾಡಿ ಉಳಿಯುತ್ತವೆ. ನೀವು ಕೆಟ್ಟವರಾದ್ದರಿಂದ ಹೀಗಾಗುವುದಿಲ್ಲ. ನಿಮ್ಮ ಕೆಲಸವನ್ನು ಅಳೆಯುವ ಕೋಲೇ ಹಾಗಿದೆ, ಅಲ್ವಾ? ಗುರಿ ಬರೆದವರು ಮೇಲೆ ಕೂತು ಒಂದು ಪದ ಬದಲಿಸಿದರೆ ಕೆಳಗೆ ಲೈನ್ ಹೋಗುವ ದಿಕ್ಕೇ ಬದಲಾಗುತ್ತದೆ. ಸೌಭಾಗ್ಯದಲ್ಲಿ ಹಳ್ಳಿಯ ಬದಲು ಮನೆಯನ್ನು ಎಣಿಸಲು ಶುರು ಮಾಡಿದ ಕೂಡಲೇ ತಾಂಡಾ, ಹಟ್ಟಿಗಳು ಪಟ್ಟಿಗೆ ಬಂದವು. ತಂತ್ರಜ್ಞಾನ ಹಿಂದಿನದೇ, ಇಲಾಖೆಗಳೂ ಹಿಂದಿನವೇ.

ಉತ್ತರ ಪ್ರದೇಶದ ಹಾಥರಸ್ ಜಿಲ್ಲೆಯ ನಗ್ಲಾ ಫತೇಲಾ ನಿಮಗೆ ನೆನಪಿರಬಹುದು. ದೆಹಲಿಯಿಂದ ಮೂರು ಗಂಟೆಯ ದಾರಿಯ ಈ ಊರಿಗೆ ಕರೆಂಟ್ ಬರಲು 70 ವರ್ಷ ಬೇಕಾಯಿತು ಎಂದು 2016ರ ಸ್ವಾತಂತ್ರ್ಯ ದಿನ ಪ್ರಧಾನಿ ಕೆಂಪುಕೋಟೆಯಿಂದ ಹೇಳಿದರು. ಪತ್ರಕರ್ತರು ಅಲ್ಲಿಗೆ ಹೋದಾಗ, ನಮ್ಮ ಮನೆಗಳಿಗೆ ಸಂಪರ್ಕ ಬಂದಿಲ್ಲ ಎಂದು ಊರಿನವರು ಹೇಳಿದರು. ಕೊಳವೆಬಾವಿಗಳಿಗೆ ಲೈನ್ ಇತ್ತು. ಸೈಟಿನಿಂದ ಸೆಕ್ಷನ್ ಆಫೀಸಿಗೆ, ಅಲ್ಲಿಂದ ಜಿಲ್ಲೆಗೆ, ರಾಜ್ಯಕ್ಕೆ, ದೆಹಲಿಗೆ ಸುದ್ದಿ ಹೋಗುವ ದಾರಿಯಲ್ಲಿ ‘ಲೈನ್ ಇದೆ’ ಅನ್ನುವುದು ‘ಊರಿಗೆ ಬೆಳಕು ಬಂತು’ ಅಂತಾಗಿತ್ತು. ಪ್ರತಿ ಮೆಟ್ಟಿಲಲ್ಲೂ ಒಬ್ಬರು ಹೌದು ಎಂದು ಸಹಿ ಹಾಕಿರುತ್ತಾರೆ. ಊರಲ್ಲಿ ನಿಂತು ನೋಡಿದವರು ಮಾತ್ರ ಆ ಸಾಲಿನಲ್ಲಿ ಇರುವುದಿಲ್ಲ.

ಎರಡನೆಯ ಪ್ರಶ್ನೆ ಸರ್ವೆಯದು. ನನಗೆ ಎಲ್ಲಕ್ಕಿಂತ ಜಾಸ್ತಿ ಹೇಳಬೇಕಾದ್ದು ಇಲ್ಲೇ ಇದೆ.

2005ರ ಏಪ್ರಿಲ್‌ನಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಿದ್ಯುದೀಕರಣ ಯೋಜನೆ ಬಂತು. ಖರ್ಚಿನ ಶೇ 90 ಕೇಂದ್ರದ ಅನುದಾನ, ಉಳಿದ ಶೇ 10 ಸಾಲ. ಒಂದೊಂದು ಜಿಲ್ಲೆಗೆ ಒಂದೊಂದು ಪ್ರಾಜೆಕ್ಟ್. ದುಡ್ಡಿಗೆ ಅಷ್ಟೇನೂ ಕೊರತೆ ಇರಲಿಲ್ಲ. ಆದರೂ ಕೆಲಸ ವರ್ಷಗಟ್ಟಲೆ ಎಳೆಯಿತು. ಮಹಾಲೇಖಪಾಲರು, ಅಂದರೆ ಸಿಎಜಿ, 2013ರಲ್ಲಿ ಈ ಯೋಜನೆಯ ಬಗ್ಗೆ ವರದಿ ಕೊಟ್ಟರು. ಅದರಲ್ಲಿ ಕಣ್ಣಿಗೆ ಹೊಡೆಯುವ ಮಾತೊಂದಿದೆ. ಸರಿಯಾದ ಸ್ಥಳ ಸರ್ವೆ ಇಲ್ಲದೆಯೇ ಯೋಜನಾ ವರದಿ, ಅಂದರೆ ಡಿಪಿಆರ್, ತಯಾರಿಸಿದ್ದರು.

ಇದರ ಪರಿಣಾಮ ಹೇಗೆ ಬಿಚ್ಚಿಕೊಳ್ಳುತ್ತದೆ ನೋಡಿ. ಆಫೀಸಿನಲ್ಲಿ ಕೂತು ಹಳೆಯ ಪಟ್ಟಿ ನೋಡಿ ‘ಈ ಊರಲ್ಲಿ ನಲವತ್ತು ಬಡ ಮನೆ’ ಎಂದು ಬರೆದಿರುತ್ತಾರೆ. ಗುತ್ತಿಗೆದಾರ ಹೋಗಿ ನೋಡಿದರೆ ತೊಂಬತ್ತು ಮನೆ. ಇಲ್ಲವೇ ಹದಿನೈದು. ನಕ್ಷೆಯಲ್ಲಿ ನೇರ ಗೆರೆ, ಸ್ಥಳದಲ್ಲಿ ಹಳ್ಳ, ತೋಟ, ಅರಣ್ಯದ ಗಡಿ. ಟೆಂಡರ್‌ನಲ್ಲಿ ಬರೆದ ಪರಿಮಾಣಕ್ಕೂ ಬೇಕಾದ್ದಕ್ಕೂ ತಾಳೆಯಾಗುವುದಿಲ್ಲ. ಹೆಚ್ಚುವರಿ ಕೆಲಸಕ್ಕೆ ಮೇಲಿನಿಂದ ಒಪ್ಪಿಗೆ ಬೇಕು. ಕಡತ ಹೋಗುತ್ತದೆ, ತಿಂಗಳುಗಳು ಕಳೆಯುತ್ತವೆ. ಗುತ್ತಿಗೆದಾರ ಅಷ್ಟು ದಿನ ಆಳುಗಳನ್ನು ಸುಮ್ನೆ ಕೂರಿಸಿಕೊಳ್ಳುತ್ತಾನಾ? ತಂಡವನ್ನು ಬೇರೆ ಜಿಲ್ಲೆಗೆ ಸಾಗಿಸುತ್ತಾನೆ. ಒಪ್ಪಿಗೆ ಬಂದಾಗ ಆಳಿಲ್ಲ, ಆಳು ಬಂದಾಗ ಮಳೆ. ಕೊನೆಗೆ ‘ಗುತ್ತಿಗೆದಾರರ ವಿಳಂಬ’ ಎಂದು ವರದಿಯಲ್ಲಿ ಬರೆಯುತ್ತಾರೆ. ತಪ್ಪು ನಡೆದದ್ದು ಅದಕ್ಕಿಂತ ಎಷ್ಟೋ ಮೊದಲು, ಯಾರೂ ಊರಿಗೆ ಹೋಗದೆ ಅಂದಾಜುಪಟ್ಟಿಗೆ ಸಹಿ ಹಾಕಿದ ದಿನ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇದು. ಸರ್ವೆಗೆ ಹೋಗುವಾಗ ಲೈನ್‌ಮನ್ ಒಬ್ಬರನ್ನೂ ಊರಿನವರೊಬ್ಬರನ್ನೂ ಜೊತೆಗೆ ಕರೆದುಕೊಂಡು ನಡೆದೇ ಹೋಗಿ. ಯಾವ ಗದ್ದೆಯಲ್ಲಿ ನೀರು ನಿಲ್ಲುತ್ತದೆ, ಯಾವ ಎರೆ ಭೂಮಿಯಲ್ಲಿ ಮಳೆ ಬಿದ್ದರೆ ಕಂಬ ವಾಲುತ್ತದೆ, ಯಾವ ಜಮೀನಿನ ಬದುವಿನ ಮೇಲೆ ಅಣ್ಣತಮ್ಮಂದಿರ ವ್ಯಾಜ್ಯ ನಡೆಯುತ್ತಿದೆ, ಇವೆಲ್ಲ ಅವರಿಗೆ ಗೊತ್ತು. ಉಪಗ್ರಹದ ಚಿತ್ರದಲ್ಲಿ ಮರ ಕಾಣುತ್ತದೆ. ಆ ಮರ ಯಾರದು, ಕೊಂಬೆ ಕಡಿಯಲು ಅವರು ಬಿಡುತ್ತಾರೋ ಇಲ್ಲವೋ ಅನ್ನುವುದು ಕಾಣುವುದಿಲ್ಲ.

ಕ್ಯಾಲೆಂಡರ್ ಬಗ್ಗೆಯೂ ಒಂದು ಮಾತು. ಹಳ್ಳಿಯಲ್ಲಿ ವರ್ಷಕ್ಕೆ ಹನ್ನೆರಡು ತಿಂಗಳು ಕೆಲಸ ಮಾಡಲು ಆಗುವುದಿಲ್ಲ. ಮಳೆಗಾಲದಲ್ಲಿ ಕಂಬ ಹೊತ್ತ ಟ್ರ್ಯಾಕ್ಟರ್ ಗದ್ದೆಗೆ ಇಳಿಯದು. ಬೆಳೆ ನಿಂತಿರುವಾಗ ರೈತರು ಹೊಲದೊಳಗೆ ಬಿಡುವುದಿಲ್ಲ, ಬಿಡಲೂಬಾರದು. ಭತ್ತದ ಸೀಮೆಯಲ್ಲಿ ಕೊಯ್ಲು ಮುಗಿದ ಮೇಲೆ, ಮುಂಗಾರು ಶುರುವಾಗುವ ಮೊದಲು ಸಿಗುವ ತಿಂಗಳುಗಳೇ ನಿಜವಾದ ಕೆಲಸದ ಕಾಲ. ಟೆಂಡರ್ ಮಾತ್ರ ಹಣಕಾಸು ವರ್ಷದ ಲೆಕ್ಕಕ್ಕೆ ಓಡುತ್ತದೆ. ಬೇಸಿಗೆ ಕೊನೆಗೆ ಕಾರ್ಯಾದೇಶ ಕೊಟ್ಟರೆ ಒಂದು ವರ್ಷವೇ ಹೋದ ಹಾಗೆ.

ಇನ್ನು ಗುತ್ತಿಗೆಯ ಹಣ. ಈ ಕೆಲಸಗಳು ಸಾಮಾನ್ಯವಾಗಿ ಟರ್ನ್‌ಕೀ ಗುತ್ತಿಗೆಗಳು, ಅಂದರೆ ಸಾಮಾನು ತರುವುದರಿಂದ ಕಟ್ಟಿ ಚಾಲೂ ಮಾಡುವವರೆಗೆ ಎಲ್ಲವೂ ಒಬ್ಬ ಗುತ್ತಿಗೆದಾರನದೇ. ಸಾಮಾನು ಪೂರೈಕೆಗೆ ಒಂದು ಬಿಲ್, ಕಟ್ಟುವ ಕೆಲಸಕ್ಕೆ ಇನ್ನೊಂದು ಬಿಲ್. ಒಟ್ಟು ಮೊತ್ತದಲ್ಲಿ ಸಾಮಾನಿನ ಪಾಲೇ ದೊಡ್ಡದು, ಲಾಭವೂ ಅಲ್ಲೇ. ತಂತಿ, ಇನ್ಸುಲೇಟರ್, ಟ್ರಾನ್ಸ್‌ಫಾರ್ಮರ್ ಉಗ್ರಾಣಕ್ಕೆ ಬಂದ ಕೂಡಲೇ ದೊಡ್ಡ ಮೊತ್ತ ಕೈ ಸೇರಿದರೆ, ಆಮೇಲೆ ಗುಡ್ಡ ಹತ್ತಿ ಹತ್ತು ಮನೆಗೆ ಲೈನ್ ಎಳೆಯುವ ಆತುರ ಯಾರಿಗಿರುತ್ತದೆ? ಪ್ರಗತಿ ವರದಿಯಲ್ಲಿ ‘ಶೇ 70 ಹಣ ಖರ್ಚಾಗಿದೆ’ ಎಂದಿರುತ್ತದೆ. ಊರಲ್ಲಿ ಕಂಬಗಳು ರಸ್ತೆ ಬದಿ ಮಲಗಿರುತ್ತವೆ. ಬಿಲ್ಲನ್ನು ದೀಪ ಹತ್ತಿದ ಮನೆಗೆ ಕಟ್ಟಿಹಾಕಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಂದು ಊರು ಪೂರ್ತಿಯಾಗಿ ಚಾಲೂ ಆದ ಮೇಲೆ ಆ ಊರಿನ ಪಾಲಿನ ದೊಡ್ಡ ಭಾಗ ಕೊಡುವಂತಿರಬೇಕು. ಸಣ್ಣ ಗುತ್ತಿಗೆದಾರರಿಗೆ ಬಂಡವಾಳದ ಕಷ್ಟವಾಗುತ್ತದೆ ಅನ್ನುವುದು ನಿಜ. ಅದಕ್ಕೆ ಪ್ರಾಜೆಕ್ಟನ್ನೇ ಸಣ್ಣ ತುಂಡು ಮಾಡಬಹುದು.

ಮುಚ್ಚಿಹೋಗುವ ಕೆಲಸದ ಮೇಲೆ ಕಣ್ಣಿಡಿ. ಕಂಬದ ಒಟ್ಟು ಉದ್ದದ ಆರನೇ ಒಂದು ಭಾಗ ನೆಲದೊಳಗೆ ಇರಬೇಕು ಅನ್ನುವುದು ನಮ್ಮ ನಿಯಮ. ಎಂಟು ಮೀಟರ್ ಕಂಬಕ್ಕೆ ಸುಮಾರು 1.3 ಮೀಟರ್ ಗುಂಡಿ. ಅಗೆಯುವಾಗ ಮುಕ್ಕಾಲು ಮೀಟರ್‌ಗೆ ಬಂಡೆ ಸಿಕ್ಕಿತು ಅನ್ನಿ. ಸಂಜೆಯಾಗಿದೆ, ದಿನಕ್ಕೆ ಇಷ್ಟು ಕಂಬ ಎಂದು ಕೂಲಿ. ಅಷ್ಟಕ್ಕೇ ನೆಟ್ಟು ಮಣ್ಣು ಮುಚ್ಚಿದರೆ ಮಾರನೇ ದಿನ ಬಂದ ಎಂಜಿನಿಯರ್‌ಗೆ ನೆಟ್ಟಗೆ ನಿಂತ ಕಂಬ ಮಾತ್ರ ಕಾಣುತ್ತದೆ. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ, ಟ್ರಾನ್ಸ್‌ಫಾರ್ಮರ್‌ನ ಅರ್ಥಿಂಗ್ ಗುಂಡಿಯೂ ಹೀಗೇ. ಒಳಗೆ ಇದ್ದಿಲು, ಉಪ್ಪು ಹಾಕಿದ್ದಾರೋ ಬರೀ ಮಣ್ಣು ತುಂಬಿದ್ದಾರೋ ಮೇಲಿನಿಂದ ಗೊತ್ತಾಗುವುದಿಲ್ಲ. ಗಾಳಿಗೆ ಕಂಬ ಬಿದ್ದಾಗ, ಕಂಬ ವಾಲದಂತೆ ನೆಲಕ್ಕೆ ಎಳೆದು ಕಟ್ಟುವ ಕಬ್ಬಿಣದ ಗೈ ತಂತಿ ಮುಟ್ಟಿದ ಹಸುವಿಗೋ ಮಗುವಿಗೋ ಷಾಕ್ ಹೊಡೆದಾಗ ಗೊತ್ತಾಗುತ್ತದೆ. ಗುಂಡಿ ತೆರೆದಿರುವಾಗಲೇ ಅಳತೆ ಹಿಡಿದು ಫೋಟೋ ತೆಗೆಯಬೇಕು. ಇದಕ್ಕೆ ಖರ್ಚಿಲ್ಲ, ಒಬ್ಬರು ಅಲ್ಲಿ ನಿಂತಿರಬೇಕು ಅಷ್ಟೇ.

ಈ ನಿಗಾ ಇಟ್ಟರೆ ಕೆಲಸ ಹೇಗೆ ಓಡುತ್ತದೆ ಎಂದು ತೋರಿಸಲು ನಮ್ಮಲ್ಲೇ ಒಳ್ಳೆಯ ಉದಾಹರಣೆ ಇದೆ. 2015ರ ಆಗಸ್ಟ್ 15ರಂದು, ಉಳಿದ 18,452 ಹಳ್ಳಿಗಳಿಗೆ ಸಾವಿರ ದಿನದಲ್ಲಿ ವಿದ್ಯುತ್ ಎಂದು ಘೋಷಣೆಯಾಯಿತು. ಗ್ರಾಮ ವಿದ್ಯುತ್ ಅಭಿಯಂತರು ಎಂಬ ಹೆಸರಿನಲ್ಲಿ ಯುವ ಎಂಜಿನಿಯರ್‌ಗಳನ್ನು ನೇಮಿಸಿದರು. ಅವರು ಊರೂರಿಗೆ ಹೋಗಿ ಕೆಲಸ ಯಾವ ಹಂತದಲ್ಲಿದೆ ಎಂದು ಫೋಟೋ ಸಮೇತ ಗರ್ವ್ ಎಂಬ ಆ್ಯಪ್‌ಗೆ ಹಾಕುತ್ತಿದ್ದರು. ಯಾರು ಬೇಕಾದರೂ ಅದನ್ನು ನೋಡಬಹುದಿತ್ತು. ಈಶಾನ್ಯದ ಗುಡ್ಡಗಳಲ್ಲಿ ರಸ್ತೆಯಿಲ್ಲದ ಊರುಗಳಿಗೆ ಜನ ತಲೆಹೊರೆಯಲ್ಲಿ ಸಾಮಾನು ಹೊತ್ತರು, ಕೆಲವು ಕಡೆ ಹೆಲಿಕಾಪ್ಟರ್ ಬಳಸಿದರು. ದಶಕಗಳಿಂದ ನಿಂತಿದ್ದ ಕೆಲಸ ಹೇಳಿದ ಅವಧಿಯೊಳಗೇ ಮುಗಿಯಿತು. ಇದು ನಿರ್ವಹಣೆಯ ಗೆಲುವು, ಇದನ್ನು ಯಾರೂ ಕಿತ್ತುಕೊಳ್ಳಬಾರದು. ಕೆಲವು ಊರುಗಳಲ್ಲಿ ಈ ಯುವಕರು ಬರೆದ ಷರಾಕ್ಕೂ ಘೋಷಣೆಗೂ ಹೊಂದಾಣಿಕೆ ಇಲ್ಲ ಎಂದು ಪತ್ರಿಕೆಗಳು ಬರೆದವು ಅನ್ನುವುದೂ ನಿಜ. ಪತ್ರಿಕೆಗಳಿಗೆ ಹಾಗೆ ಬರೆಯಲು ಆದದ್ದು ಆ ಷರಾ ಎಲ್ಲರಿಗೂ ಕಾಣುವಂತಿದ್ದುದರಿಂದ.

ಮೂರನೆಯ ಪ್ರಶ್ನೆಗೆ ಬರೋಣ. ಮುಗಿದ ಮೇಲೆ ಯಾರ ಕೈಗೆ?

ನಮ್ಮ ಹಳ್ಳಿಗಳಲ್ಲಿ ‘ಟಿಸಿ ಸುಟ್ಟು ಹೋಯ್ತು’ ಅನ್ನುವ ಮಾತು ಕೇಳದವರಿಲ್ಲ. ಟಿಸಿ ಅಂದರೆ ಟ್ರಾನ್ಸ್‌ಫಾರ್ಮರ್. ಅದು ಯಾಕೆ ಸುಡುತ್ತದೆ? ಲೆಕ್ಕ ಹಾಕಿ ನೋಡಿ. ಅರವತ್ತು ಮನೆಯ ಕೇರಿ. ಬಡ ಮನೆಗೆ ಒಂದು ಬಲ್ಬು, ಹೆಚ್ಚೆಂದರೆ 60 ವ್ಯಾಟ್ ಎಂದು ಹಿಡಿದರೆ ಒಟ್ಟು 3.6 ಕಿಲೋವ್ಯಾಟ್. 25 ಕೆವಿಎ ಟಿಸಿ, ಅಂದರೆ ಹೆಚ್ಚೆಂದರೆ 25 ಕಿಲೋವ್ಯಾಟ್ ಹೊರುವಂಥದು, ಧಾರಾಳವಾಯಿತು. ಕರೆಂಟ್ ಬಂದ ಮೇಲೆ ಮನೆಗೆ ಟೀವಿ ಬರುತ್ತದೆ, ಫ್ಯಾನ್, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ಬರುತ್ತವೆ. ಬರಲಿ ಅಂತಲೇ ಅಲ್ವಾ ಕರೆಂಟ್ ಕೊಟ್ಟದ್ದು? ಸಂಜೆ ಒಟ್ಟಿಗೆ ಮನೆಗೆ 500 ವ್ಯಾಟ್ ಆದರೂ 30 ಕಿಲೋವ್ಯಾಟ್. ಟಿಸಿ ತಡೆಯುವುದಿಲ್ಲ. ಬಡ ಮನೆಗಳಿಗೆ ಕರೆಂಟ್ ಕೊಡುವ ನಮ್ಮ ರಾಜ್ಯದ ಭಾಗ್ಯಜ್ಯೋತಿ ಯೋಜನೆಯೂ ಮನೆಗೊಂದು ಬಲ್ಬ್ ಎಂಬ ಲೆಕ್ಕದಲ್ಲಿ ಶುರುವಾದದ್ದು. ಉಚಿತ ಮಿತಿ ತಿಂಗಳಿಗೆ 18 ಯೂನಿಟ್ ಇತ್ತು, ಆಮೇಲೆ 40ಕ್ಕೆ ಏರಿತು. ಜನರ ಬದುಕು ಬೆಳೆದಷ್ಟು ಬೇಗ ಲೈನ್‌ನ ಲೆಕ್ಕ ಬೆಳೆಯಲಿಲ್ಲ.

ಲೈನ್‌ನ ಉದ್ದವೂ ಹೀಗೇ ಕಾಡುತ್ತದೆ. ಟಿಸಿ ಊರ ಮುಂದೆ ಇಟ್ಟು, ಅಲ್ಲಿಂದ ಸ್ಕ್ವಿರಲ್ ಎಂಬ ತೆಳ್ಳನೆಯ ತಂತಿಯಲ್ಲಿ ಒಂದು ಕಿಲೋಮೀಟರ್ ಸಿಂಗಲ್ ಫೇಸ್ ಎಳೆದರು ಅನ್ನಿ. ಆ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 1.4 ಓಮ್. ಹೋಗಿ ಬರುವ ದಾರಿ ಸೇರಿ 2.8. ಕೊನೆಯಲ್ಲಿ ಹತ್ತು ಆಂಪಿಯರ್ ಎಳೆದರೆ 28 ವೋಲ್ಟ್ ದಾರಿಯಲ್ಲೇ ಹೋಯಿತು. 230 ಇದ್ದದ್ದು 202. ಕೊನೆಯ ಮನೆಯ ಹುಡುಗಿ ಮಂಕು ಬೆಳಕಲ್ಲಿ ಓದುತ್ತಾಳೆ. ವರದಿಯಲ್ಲಿ ಅವಳ ಮನೆಯೂ ಮೊದಲ ಮನೆಯೂ ಒಂದೇ ಸಂಖ್ಯೆ. ಸಣ್ಣ ಟಿಸಿಗಳನ್ನು ಮನೆಗಳ ಹತ್ತಿರಕ್ಕೆ ಒಯ್ಯುವ ಪದ್ಧತಿ ಇದಕ್ಕೆ ಒಳ್ಳೆಯ ಪರಿಹಾರ. ಮೊದಲ ಖರ್ಚು ಸ್ವಲ್ಪ ಜಾಸ್ತಿ. ಅಂದಾಜುಪಟ್ಟಿ ಹಂತದಲ್ಲಿ ಇದಕ್ಕೆ ಮೊದಲು ಕತ್ತರಿ ಬೀಳುವುದೂ ಅದಕ್ಕೇ.

ಈ ಕಾರಣಕ್ಕೆ 2015ರಲ್ಲಿ ವಿಶ್ವಬ್ಯಾಂಕ್‌ನವರು ವಿದ್ಯುತ್ ಇದೆ ಅಥವಾ ಇಲ್ಲ ಎನ್ನುವ ಎರಡೇ ಉತ್ತರದ ಎಣಿಕೆ ಬಿಟ್ಟು, ಸೊನ್ನೆಯಿಂದ ಐದರವರೆಗಿನ ಮೆಟ್ಟಿಲುಗಳ ಅಳತೆ ತಂದರು. ದಿನಕ್ಕೆ ಎಷ್ಟು ಗಂಟೆ, ಸಂಜೆ ಎಷ್ಟು ಗಂಟೆ, ವೋಲ್ಟೇಜ್ ಸರಿ ಇದೆಯೇ, ಬಿಲ್ ಕಟ್ಟಲು ಆಗುತ್ತದೆಯೇ, ಸುರಕ್ಷಿತವೇ ಎಂದೆಲ್ಲ ಅದು ಕೇಳುತ್ತದೆ. ನಮ್ಮ ಪ್ರತಿ ಪ್ರಾಜೆಕ್ಟ್‌ನ ಮುಕ್ತಾಯ ವರದಿಯಲ್ಲೂ ಈ ಪ್ರಶ್ನೆಗಳು ಇರಬೇಕು.

ಕೈಗೆ ಒಪ್ಪಿಸುವ ವಿಷಯದಲ್ಲಿ ಕರ್ನಾಟಕ ಕೆಲವು ಒಳ್ಳೆಯ ಕೆಲಸ ಮಾಡಿದೆ. ಗ್ರಾಮ ವಿದ್ಯುತ್ ಪ್ರತಿನಿಧಿಗಳನ್ನು ನೀವು ನೋಡಿರುತ್ತೀರಿ. ಅದೇ ಊರಿನ, ಅಕ್ಕಪಕ್ಕದ ಊರಿನ ಯುವಕರು. ಮೀಟರ್ ಓದಿ, ಬಿಲ್ ಕೊಟ್ಟು, ಹಣ ಸಂಗ್ರಹಿಸುತ್ತಿದ್ದರು. ಊರಿನ ಮುಖ ಪರಿಚಯ ಇರುವವರು ಮನೆ ಬಾಗಿಲಿಗೆ ಬಂದರೆ ಬಿಲ್ಲೂ ಕಟ್ಟುತ್ತಾರೆ, ದೂರೂ ಹೇಳುತ್ತಾರೆ. ಆ ದೂರು ಸೆಕ್ಷನ್ ಆಫೀಸಿಗೆ ತಲುಪುತ್ತದೆ.

ಇನ್ನೂ ಹಳೆಯ ಉದಾಹರಣೆ ಬೆಳಗಾವಿ ಜಿಲ್ಲೆಯ ಹುಕ್ಕೇರಿ. ಗ್ರಾಮೀಣ ವಿದ್ಯುದೀಕರಣ ನಿಗಮ ಹುಟ್ಟಿದ್ದು 1969ರಲ್ಲಿ. ಅದೇ ಕಾಲಕ್ಕೆ ದೇಶದಲ್ಲಿ ಪ್ರಯೋಗವಾಗಿ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳು ಶುರುವಾದವು. ಹುಕ್ಕೇರಿಯದು ಅವುಗಳಲ್ಲಿ ಒಂದು. ಆ ಯೋಚನೆ ಬಂದದ್ದು ಅಮೆರಿಕದ ರೈತರ ಸಹಕಾರ ಸಂಘಗಳ ಅನುಭವದಿಂದ. 1930ರ ದಶಕದ ನಡುವೆ ಅಲ್ಲಿನ ಹತ್ತರಲ್ಲಿ ಒಂದು ರೈತ ಮನೆಗೆ ಮಾತ್ರ ಕರೆಂಟ್ ಇತ್ತು. 1935ರಲ್ಲಿ ರೂಸ್‌ವೆಲ್ಟ್ ಗ್ರಾಮೀಣ ವಿದ್ಯುದೀಕರಣ ಆಡಳಿತ ಸ್ಥಾಪಿಸಿದರು. ರೈತರ ಸಂಘಗಳಿಗೆ ಸಾಲ ಕೊಟ್ಟರು. ಗುಂಡಿ ತೋಡುವ ತಂಡ ಒಂದು, ಕಂಬ ಎತ್ತುವ ತಂಡ ಇನ್ನೊಂದು, ತಂತಿ ಎಳೆಯುವ ತಂಡ ಮತ್ತೊಂದು, ಹೀಗೆ ಒಂದರ ಹಿಂದೆ ಒಂದು ಸಾಗುವ ಪದ್ಧತಿ ತಂದರು. ಮೈಲಿಗೆ ಆಗುವ ಖರ್ಚು ಗಣನೀಯವಾಗಿ ಇಳಿಯಿತು. ಹುಕ್ಕೇರಿಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಮಾಲೀಕತ್ವ. ಅಲ್ಲಿನ ಗ್ರಾಹಕರೇ ಸದಸ್ಯರು, ಅವರೇ ಆಡಳಿತ ಮಂಡಳಿಯನ್ನು ಆರಿಸುತ್ತಾರೆ. ಟಿಸಿ ಸುಟ್ಟರೆ ಯಾರನ್ನು ಕೇಳಬೇಕು ಎಂದು ಜನರಿಗೆ ಗೊತ್ತು. ಐದು ಸಂಘಗಳಲ್ಲಿ ಎಲ್ಲವೂ ಉಳಿಯಲಿಲ್ಲ. ಹುಕ್ಕೇರಿ ಇವತ್ತಿಗೂ ವಿದ್ಯುತ್ ಹಂಚುತ್ತಿದೆ.

2006ರ ಗ್ರಾಮೀಣ ವಿದ್ಯುದೀಕರಣ ನೀತಿಯಲ್ಲಿ ಹೆಚ್ಚು ಜನ ಗಮನಿಸದ ಒಂದು ಅಂಶವಿದೆ. ಹಳ್ಳಿ ವಿದ್ಯುದೀಕರಣವಾಗಿದೆ ಎಂದು ಮೊದಲ ಪ್ರಮಾಣಪತ್ರ ಕೊಡಬೇಕಾದ್ದು ಗ್ರಾಮ ಪಂಚಾಯಿತಿ. ಅಷ್ಟೇ ಅಲ್ಲ, ಪ್ರತಿ ವರ್ಷ ಮಾರ್ಚ್ 31ಕ್ಕೆ ಆ ಸ್ಥಿತಿ ಹಾಗೇ ಇದೆ ಎಂದು ಪಂಚಾಯಿತಿ ಮತ್ತೆ ದೃಢಪಡಿಸಬೇಕು. ಎಷ್ಟು ಒಳ್ಳೆಯ ಯೋಚನೆ ನೋಡಿ. ಕೆಲಸ ಮಾಡಿದವರ ಬದಲು ಕರೆಂಟ್ ಬಳಸುವವರೇ ಮುಗಿಯಿತು ಅನ್ನಬೇಕು, ಅದೂ ವರ್ಷ ವರ್ಷ. ನೀವು ಕೆಲಸಕ್ಕೆ ಹೋದ ತಾಲ್ಲೂಕಿನಲ್ಲಿ ಈ ಪತ್ರವನ್ನು ಕೇಳಿ ನೋಡಿ. ಗ್ರಾಮಸಭೆಯಲ್ಲಿ ಒಮ್ಮೆ ಇದನ್ನು ಓದಿಸಿದರೂ ಯಾವ ಕೇರಿ ಬಿಟ್ಟುಹೋಗಿದೆ ಎಂದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಕೇಳಿದರು: ‘ಸರ್, ಲೈನ್ ಹೋಗದ ಕಡೆ ಸೋಲಾರ್ ಕೊಟ್ಟರೆ ಈ ತೊಂದರೆ ಇರಲ್ಲ ಅಲ್ವಾ?’ ಒಳ್ಳೆಯ ಪ್ರಶ್ನೆ. ಸೌಭಾಗ್ಯದಲ್ಲಿ ದುರ್ಗಮ ಊರುಗಳ ಮನೆಗಳಿಗೆ 200ರಿಂದ 300 ವ್ಯಾಟ್‌ನ ಸೋಲಾರ್ ಫಲಕ, ಬ್ಯಾಟರಿ, ಐದು ಎಲ್‌ಇಡಿ ದೀಪ, ಒಂದು ಫ್ಯಾನ್, ಒಂದು ಪ್ಲಗ್ ಕೊಡುವ ವ್ಯವಸ್ಥೆ ಇತ್ತು. ಐದು ವರ್ಷದ ದುರಸ್ತಿಯೂ ಗುತ್ತಿಗೆಯಲ್ಲೇ ಸೇರಿತ್ತು. ಲೈನ್ ಕೆಲಸಕ್ಕೂ ಹೀಗೆ ಬರೆಯಬೇಕಿತ್ತು ಎಂದು ನನಗೆ ಅನಿಸುತ್ತದೆ. ಆದರೆ ಬ್ಯಾಟರಿಗೆ ಆಯುಸ್ಸು ಇಷ್ಟೇ ಎಂದಿದೆ. ನಮ್ಮಲ್ಲೇ 1995ರಲ್ಲಿ ಹರೀಶ್ ಹಂದೆಯವರು ಇನ್ನೊಬ್ಬರ ಜೊತೆ ಸೇರಿ ಕಟ್ಟಿದ ಸೋಲಾರ್ ಕಂಪನಿ ಸೆಲ್ಕೋ ಇದನ್ನು ಮೊದಲೇ ಅರಿತಿತ್ತು. ಫಲಕ ಮಾರುವ ಜೊತೆಗೆ ಗ್ರಾಮೀಣ ಬ್ಯಾಂಕಿನಿಂದ ಸಾಲ, ಹತ್ತಿರದಲ್ಲೇ ರಿಪೇರಿ ಮಾಡುವ ಶಾಖೆ, ಇವನ್ನೂ ಸೇರಿಸಿತು. ಸೌಭಾಗ್ಯದ ಮೊದಲ ಸುತ್ತಿನ ಸೋಲಾರ್ ಮನೆಗಳ ಐದು ವರ್ಷದ ಗುತ್ತಿಗೆ ಈಗ ಮುಗಿದಿದೆ. ಆ ಮನೆಗಳ ಬ್ಯಾಟರಿ ಏನಾಗಿದೆ, ಹೊಸದಕ್ಕೆ ಹಣ ಯಾರು ಹಾಕಿದರು ಎಂದು ಹೋಗಿ ನೋಡುವುದು ಒಳ್ಳೆಯ ಫೈನಲ್ ಇಯರ್ ಪ್ರಾಜೆಕ್ಟ್. ಯಾರಾದರೂ ಕೈಗೆತ್ತಿಕೊಳ್ಳುವುದಾದರೆ ಮೊದಲ ಸರ್ವೆಗೆ ನಾನೂ ಜೊತೆಗೆ ಬರುತ್ತೇನೆ ಎಂದು ಅವರಿಗೆ ಹೇಳಿದೆ.